ಹಲಗೆ ಕಾಯುವ ಮೊದಲೇ ಮುಗಿದ ಹಾಡು

ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ರಿವಾಯತ್ ಮೇಳವೊಂದನ್ನು ಕೆಲವು ವರ್ಷಗಳ ಹಿಂದೆ ಒಂದು ಸಾಂಸ್ಕೃತಿಕ ಉತ್ಸವಕ್ಕೆ ಕರೆಸಿದ್ದರು. ಹಾಡುವವರು ಹತ್ತು ಹನ್ನೆರಡು ಮಂದಿ. ಒಬ್ಬ ದರ್ಜಿ, ಒಬ್ಬ ಟೆಂಪೊ ಚಾಲಕ, ಉಳಿದವರು ಹೊಲಗೆಲಸದವರು. ಯಾರಿಗೂ ಹಾಡು ಹೊಟ್ಟೆಪಾಡಲ್ಲ. ಸಂಜೆ ಆರಕ್ಕೇ ಬಂದು ಕುಳಿತವರಿಗೆ ಸರದಿ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಅತಿಥಿಗಳು ತಡವಾಗಿ ಬಂದರು, ಭಾಷಣಗಳು ಉದ್ದವಾದವು. ಕೊನೆಗೆ ನಿರೂಪಕರು ಬಂದು, "ಐದು ನಿಮಿಷದಾಗ ಮುಗಿಸ್ರಿ" ಎಂದರು.

ಅಷ್ಟರಲ್ಲಿ ಹಲಗೆಯ ಚರ್ಮ ತಣ್ಣಗಾಗಿ ಸಡಿಲಗೊಂಡಿತ್ತು. ಹಲಗೆಯವನು ವೇದಿಕೆಯ ಹಿಂದೆ ಹಳೇ ಪೇಪರಿಗೆ ಕಡ್ಡಿ ಗೀರಿದ. ಪೆಂಡಾಲಿಗೆ ಬೆಂಕಿ ಬಿದ್ದೀತೆಂದು ಕಾರ್ಯಕರ್ತರು ಅದನ್ನು ತುಳಿದು ಆರಿಸಿದರು. ಅವರ ಆತಂಕವೂ ಸುಳ್ಳಲ್ಲ. "ಹಲಗಿ ಕಾಸೂದ್ ಬ್ಯಾಡ ಅಂದ್ರ ಹೆಂಗ್ರಿ ಸಾಹೇಬ್ರ, ಅದು ಮಾತಾಡೂದಾದ್ರೂ ಹೆಂಗ?" ಎಂದು ಅವನು ನನ್ನನ್ನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಅಲಾಯಿ ಹಬ್ಬದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಕುಣಿಯಲ್ಲಿ ಬೆಂಕಿ ಇರುತ್ತದೆ. ಹಲಗೆ ಸಡಿಲಾದರೆ ಅದರ ಕಾವಿಗೆ ಹಿಡಿದರಾಯಿತು. ಕತಲ್ ರಾತ್ರಿ ಹಾಡಿಗೆ ಗಡಿಯಾರದ ಹಂಗಿಲ್ಲ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಜವಾಬು ಕೊಡಬೇಕು. ಹಾಡುಗಾರರು ಕುಣಿಯ ಸುತ್ತ ವೃತ್ತವಾಗಿ ಹೆಜ್ಜೆ ಹಾಕುತ್ತಾರೆ, ಜನ ಸುತ್ತಲೂ ನಿಂತು ಕೇಳುತ್ತಾರೆ. ವೇದಿಕೆಯಲ್ಲಿ ಎರಡೇ ಮೈಕು. ವೃತ್ತ ಒಡೆದು ಸಾಲಾಗಬೇಕು. ಸಾಲಾಗದಿದ್ದರೆ ಅರ್ಧ ಮಂದಿಯ ಬೆನ್ನು ಪ್ರೇಕ್ಷಕರಿಗೆ, ಅರ್ಧ ಮಂದಿಯ ದನಿ ಗಾಳಿಗೆ.

ಅಂದು ಹಾಡಿದ್ದು ಕರ್ಬಲಾದ ಕಥೆ. ಹಿಜರಿ 61ರ, ಎಂದರೆ ಕ್ರಿ.ಶ. 680ರ, ಮೊಹರಂ ಹತ್ತರಂದು ಇಮಾಮ್ ಹುಸೇನರು ಹುತಾತ್ಮರಾದ ಆ ಘಟನೆಯನ್ನು ನಮ್ಮ ಹಳ್ಳಿಯವರು ಕನ್ನಡದಲ್ಲಿ ಮರುಗಿ ಹಾಡುತ್ತಾರೆ. ಹಾಡುವವರಲ್ಲಿ ಮುಸ್ಲಿಮೇತರರೂ ಇದ್ದಾರೆ. ಶಿಶುನಾಳ ಷರೀಫರೂ (1819–1889) ರಿವಾಯತ್ ಕಟ್ಟಿದವರೇ. ಅಂದಿನ ಹಾಡಿನಲ್ಲಿ ಅಬ್ಬಾಸರು ಬಾಯಾರಿದ ಮಕ್ಕಳಿಗಾಗಿ ನೀರು ತರಲು ಹೊರಟಿದ್ದರಷ್ಟೇ, ಮೈಕು ಬಂದಾಯಿತು. "ಜೋರಾದ ಚಪ್ಪಾಳೆ" ಎಂದರು ನಿರೂಪಕರು. ಜನ ತಟ್ಟಿದರು. ಶೋಕದ ನಡುವೆ ಚಪ್ಪಾಳೆ ಬಿದ್ದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಸಂಘಟಕರದ್ದೂ ಒಂದು ವಾದವಿದೆ. ಇಡೀ ರಾತ್ರಿ ಕೂತು ಕೇಳುವ ತಾಳ್ಮೆ ಇಂದು ಯಾರಿಗಿದೆ? ವೇದಿಕೆ ಕೊಟ್ಟದ್ದರಿಂದಲೇ ಈ ಕಲೆ ನಾಲ್ಕು ಜನರ ಕಣ್ಣಿಗೆ ಬಿತ್ತಲ್ಲವೆ? ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಕಣ್ಣಿಗೆ ಬಿದ್ದದ್ದು ಯಾವುದು? ರುಮಾಲು, ಗೆಜ್ಜೆ, ಕುಣಿತ. ಕಥೆ ಕಿವಿಗೆ ಬೀಳಲಿಲ್ಲ. ಕಥೆಯಿಲ್ಲದ ರಿವಾಯತ್ ಮೆರವಣಿಗೆಯ ಅಲಂಕಾರ ಮಾತ್ರ.

ಹಾಗೆಂದು ಅಲಾಯಿ ಕುಣಿಯ ಸುತ್ತ ಎಲ್ಲವೂ ಸರಿಯಿತ್ತೆಂದು ಹೇಳುವುದು ಅಪ್ರಾಮಾಣಿಕತೆ. ಹಲಗೆ ಬಾರಿಸುವ ದಲಿತರನ್ನು ಎಷ್ಟೋ ಊರುಗಳು ಕಲಾವಿದರೆಂದು ಕರೆಯಲಿಲ್ಲ, ಬಾರಿಸುವುದು ಅವರ ಕರ್ತವ್ಯವೆಂದು ಭಾವಿಸಿದವು. ವೇದಿಕೆ ಆ ತಪ್ಪನ್ನು ತಿದ್ದಬಹುದಿತ್ತು. ಅಂದು ಶಾಲು ಸಿಕ್ಕಿದ್ದು ಮುಂದೆ ನಿಂತು ಹಾಡಿದ ಇಬ್ಬರಿಗೆ. ಹಲಗೆಯವನ ಹೆಸರನ್ನೂ ಯಾರೂ ಹೇಳಲಿಲ್ಲ.

ಈ ಹಾಡುಗಾರರು ನಿಲ್ಲುವ ನೆಲ ಎರಡೂ ಕಡೆಯಿಂದ ಕಿರಿದಾಗುತ್ತಿದೆ. ಮೊಹರಂ ಆಚರಣೆಯ ಹಲವು ರೂಪಗಳು ಧರ್ಮಸಮ್ಮತವಲ್ಲ ಎನ್ನುವ ಮುಸ್ಲಿಮರಿದ್ದಾರೆ. ಅವರ ಆಕ್ಷೇಪಕ್ಕೆ ಧಾರ್ಮಿಕ ಆಧಾರಗಳಿವೆ, ಅದು ಗಂಭೀರ ಚರ್ಚೆ. ಇನ್ನೊಂದು ಕಡೆ, "ಅದು ಅವರ ಹಬ್ಬ, ನಮಗೇಕೆ?" ಎನ್ನುವ ಹಿಂದೂಗಳೂ ಹೆಚ್ಚುತ್ತಿದ್ದಾರೆ. ಹಿಂದೂ ಮುಸ್ಲಿಂ ನಡೆಗಳೆರಡನ್ನೂ ಅರಗಿಸಿಕೊಂಡ ತಿಂಥಣಿಯ ಮೌನೇಶ್ವರರ ಸೀಮೆಯಲ್ಲೇ ಇಂಥ ಮಾತು ಕೇಳಬೇಕಾಗಿದೆ. ಆಚರಣೆಯ ಬಗೆಗೆ ಭಿನ್ನಾಭಿಪ್ರಾಯವಿರಲಿ. ಅನ್ಯಾಯದ ಅಧಿಕಾರಕ್ಕೆ ತಲೆಬಾಗದವರ ಕಥೆಯನ್ನು ಕನ್ನಡದಲ್ಲಿ ಉಳಿಸಿಕೊಂಡು ಬಂದ ಹಾಡುಗಾರಿಕೆಯನ್ನು ಆ ಭಿನ್ನಾಭಿಪ್ರಾಯದ ಜೊತೆಗೇ ಹೂಳಬೇಕೆ?

ನಮ್ಮ ಉತ್ಸವಗಳ ಹೊಣೆ ಹೊತ್ತವರು ಮಾಡಬಹುದಾದದ್ದು ಸುಲಭವಾದದ್ದೇ. ಹತ್ತು ತಂಡಗಳಿಗೆ ಐದೈದು ನಿಮಿಷ ಹಂಚುವ ಬದಲು ಮೂರು ತಂಡ ಕರೆದು ಒಂದೊಂದು ಹಾಡನ್ನಾದರೂ ಪೂರ್ತಿ ಕೇಳಲಿ. ಮೇಳವನ್ನು ವೇದಿಕೆಯಿಂದ ಇಳಿಸಿ ಜನರ ನಡುವೆ ನೆಲದ ಮೇಲೆ ಬಿಡಲಿ. ಪೆಂಡಾಲಿನಿಂದ ದೂರದಲ್ಲಿ, ಬಕೆಟ್ ನೀರು ಪಕ್ಕಕ್ಕಿಟ್ಟು, ಹಲಗೆ ಕಾಸಲು ಒಂದು ಒಲೆ ಹೂಡಲಿ. ಹಲಗೆಯವನ ಹೆಸರು ಕರಪತ್ರದಲ್ಲಿ ಅಚ್ಚಾಗಲಿ.

ಆ ರಾತ್ರಿ ಮೇಳದವರು ಟೆಂಪೊ ಹತ್ತಿದರು. ಊರು ಮುಟ್ಟುವ ಮೊದಲೇ ದರ್ಜಿ ಹಾಡನ್ನು ನಿಲ್ಲಿಸಿದ ಕಡೆಯಿಂದಲೇ ಎತ್ತಿಕೊಂಡನಂತೆ, ಉಳಿದವರು ದನಿಗೂಡಿಸಿದರಂತೆ. ನಮ್ಮ ಉತ್ಸವಕ್ಕೆ ಬೇಡವಾದ ಅರ್ಧ ಕಥೆಯನ್ನು ಅವರು ತಮಗಾಗಿಯೇ ಹಾಡಿಕೊಂಡು ಮುಗಿಸಿದರು. ಅದನ್ನು ಕೇಳಿಸಿಕೊಳ್ಳದೆ ಮನೆಗೆ ಹೋದವರು ನಾವು.