ಸಾಮ್ಯಗಳನ್ನು ಓದಲು ಹೊರಟವರಿಗೆ

ಸತ್ಯವೇದವನ್ನು ಹೊಸದಾಗಿ ಕೈಗೆತ್ತಿಕೊಂಡವರು ಮೊದಲ ಪುಟದಿಂದ ಶುರುಮಾಡಿ, ಯಾಜಕಕಾಂಡದ ಹೊತ್ತಿಗೆ ದಣಿದು ಬಿಟ್ಟುಬಿಡುವುದುಂಟು. ಅಂಥವರು ಯೇಸುಸ್ವಾಮಿ ಹೇಳಿದ ಸಾಮ್ಯಗಳಿಂದ, ಅಂದರೆ ದೃಷ್ಟಾಂತ ಕಥೆಗಳಿಂದ, ಆರಂಭಿಸುವುದು ಒಳ್ಳೆಯದು. ಮತ್ತಾಯ, ಮಾರ್ಕ, ಲೂಕ ಈ ಮೂರೂ ಸುವಾರ್ತೆಗಳಲ್ಲಿ ಅವು ಸಿಗುತ್ತವೆ. ಬೀಜ ಬಿತ್ತುವವನು, ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕೂಲಿಯಾಳು, ಸಾಲಗಾರ, ಎಲ್ಲರೂ ನಾವು ಕಂಡವರೇ. ಕಥೆ ಇಷ್ಟು ಸಲೀಸಾಗಿರುವುದರಿಂದಲೇ ಅವಸರದಲ್ಲಿ ಒಂದು ನೀತಿ ಕಿತ್ತುಕೊಂಡು ಮುಂದೆ ಹೋಗುವ ಆಸೆಯಾಗುತ್ತದೆ.

ತಡೆಯಿರಿ. ಕಥೆಯನ್ನು ಯಾರ ಮುಂದೆ ಹೇಳಿದ್ದು ಎಂದು ಮೊದಲು ನೋಡಿ. ಲೂಕ 15ರ ತಪ್ಪಿಹೋದ ಮಗನ ಕಥೆ ಎಲ್ಲರಿಗೂ ಗೊತ್ತು. ಅಧ್ಯಾಯದ ಮೊದಲ 2 ವಚನಗಳನ್ನು ಬಿಟ್ಟರೆ ಅದು ಅರ್ಧವೇ ದಕ್ಕುತ್ತದೆ. ಸುಂಕದವರೂ ಪಾಪಿಗಳೆನಿಸಿಕೊಂಡವರೂ ಯೇಸುವಿನ ಹತ್ತಿರ ಸೇರಿದ್ದಾರೆ. ಇಂಥವರ ಜೊತೆ ಊಟಕ್ಕೆ ಕೂರುತ್ತಾನಲ್ಲ ಎಂದು ಕಟ್ಟುನಿಟ್ಟಿನ ಧರ್ಮನಿಷ್ಠರಾದ ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಿದ್ದಾರೆ. ಆ ಗೊಣಗಾಟಕ್ಕೆ ಉತ್ತರವಾಗಿ ಒಂದರ ಬೆನ್ನಿಗೊಂದು ಕಥೆಗಳು ಬರುತ್ತವೆ: 100 ಕುರಿಗಳಲ್ಲಿ ಒಂದು, 10 ನಾಣ್ಯಗಳಲ್ಲಿ ಒಂದು, ಕೊನೆಗೆ ಇಬ್ಬರು ಮಕ್ಕಳಲ್ಲಿ ಒಬ್ಬ.

ಇನ್ನು ಮುಂದೆ ನಿಧಾನವಾಗಿ ಓದಬೇಕು. ಅಪ್ಪನ ಆಸ್ತಿಯಲ್ಲಿ ಪಾಲು ಪಡೆದು ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡ ಕಿರಿಯ ಮಗ ಹಸಿದು ಹಂದಿ ಕಾಯುತ್ತಿದ್ದಾನೆ. ಹಂದಿ ಯೆಹೂದ್ಯರಿಗೆ ಅಶುದ್ಧ ಪ್ರಾಣಿ, ಅವನು ಅಷ್ಟು ಕೆಳಗೆ ಇಳಿದಿದ್ದಾನೆ. ಅಪ್ಪನ ಮುಂದೆ ಏನು ಹೇಳಬೇಕೆಂದು ಅಲ್ಲಿಯೇ ಜೋಡಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ಕೂಲಿಯವನಂತೆ ಇಟ್ಟುಕೊಂಡರೆ ಸಾಕು ಎಂದು. ಈಗ 18, 19ನೇ ವಚನಗಳ ಪಕ್ಕದಲ್ಲಿ 21ನೆಯದನ್ನಿಟ್ಟು ನೋಡಿ. ಕೂಲಿಯ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ದೂರದಲ್ಲೇ ಕಂಡು ಓಡಿಬಂದ ಅಪ್ಪ ಅಷ್ಟರಲ್ಲಿ ನಿಲುವಂಗಿ, ಉಂಗುರ, ಜೋಡು ತರಲು ಆಳುಗಳಿಗೆ ಹೇಳುತ್ತಿದ್ದಾನೆ. ದುಡಿದು ತೀರಿಸುತ್ತೇನೆಂಬ ಲೆಕ್ಕಕ್ಕೆ ಆ ಮನೆಯಲ್ಲಿ ಎಡೆಯಿಲ್ಲ. ಕ್ರೈಸ್ತರು ಕೃಪೆ ಎನ್ನುವುದನ್ನು ಇಷ್ಟು ಚೆನ್ನಾಗಿ ತಿಳಿಸಿಕೊಡುವ ಪ್ರಸಂಗ ಬೇರೆ ಬೇಕಿಲ್ಲ.

ಬಹಳ ಜನ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅದು ದೊಡ್ಡ ನಷ್ಟ. ಹೊಲದಿಂದ ಬಂದ ಹಿರಿಯ ಮಗ ಹಾಡು ಕುಣಿತದ ಸದ್ದಿಗೆ ಕಾರಣ ತಿಳಿದು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಅವನಿಗಾಗಿಯೂ ಹೊರಗೆ ಬರುತ್ತಾನೆ. ಇಷ್ಟು ವರ್ಷ ದುಡಿದರೂ ಒಂದು ಆಡಿನಮರಿ ಕೊಡಲಿಲ್ಲವೆಂದು ದೂರುವ ಮಗನನ್ನು ಗದರದೆ ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಕಥೆ ಅದನ್ನು ಹೇಳದೆ ನಿಲ್ಲುತ್ತದೆ. ಗೊಣಗಿದವರು ಎದುರಿಗೇ ಇದ್ದರು, ಉತ್ತರ ಅವರು ಕೊಡಬೇಕಿತ್ತು. ವರ್ಷಗಟ್ಟಲೆ ಸಭೆಯಲ್ಲಿ ಸೇವೆ ಮಾಡಿ, ಹೊಸಬರು ಬಂದಾಗ ಮುಖ ಗಂಟಿಕ್ಕುವ ವಿಶ್ವಾಸಿಗಳಿಗೆ ಈ ಭಾಗವೇ ಹೆಚ್ಚು ಬೇಕು.

ಇನ್ನೊಂದು ಮಾತು. ಪ್ರತಿ ವಸ್ತುವಿಗೂ ಗುಪ್ತಾರ್ಥ ಹುಡುಕಬೇಡಿ. ದಾರಿಯಲ್ಲಿ ಪೆಟ್ಟುತಿಂದು ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಸುರಿದು ಛತ್ರಕ್ಕೆ ಒಯ್ದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಛತ್ರವೆಂದರೆ ಕ್ರೈಸ್ತ ಸಭೆ ಎಂದು ಸಂತ ಅಗಸ್ಟೀನ್ ಅರ್ಥ ಮಾಡಿದ್ದುಂಟು. ನನಗೆ ಗಾಯಕ್ಕೆ ಸುರಿದ ಎಣ್ಣೆ ಎಣ್ಣೆಯಾಗಿಯೇ ಇದ್ದರೆ ಚೆಂದ. ನೆರೆಯವನು ಯಾರು ಎಂದು ಕೇಳಿದ ಪಂಡಿತನಿಗೆ ಯೇಸು ಕೊನೆಯಲ್ಲಿ ಹೇಳುವುದೂ ಅದೇ ರೀತಿ ನಡೆದುಕೋ ಎಂದಷ್ಟೇ.

ಲೂಕ 15ನ್ನು ಇವತ್ತೇ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಆಮೇಲೆ ಮತ್ತಾಯ 20ಕ್ಕೆ ಹೋಗಿ. ಸಂಜೆ ಬಂದವನಿಗೂ ದ್ರಾಕ್ಷಿತೋಟದ ಯಜಮಾನ ಇಡೀ ದಿನದ ಕೂಲಿ ಕೊಟ್ಟಾಗ ನಿಮ್ಮ ಮನಸ್ಸು ಯಾರ ಪಕ್ಷ ವಹಿಸುತ್ತದೆಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ.