ಬೆಸುಗೆಯೋ ಹೊಸೆತವೋ: ಕರುಳಿನ ಲೇಸರ್ ಜೋಡಣೆ ಮತ್ತು ತೆಂಗಿನ ಸೀಮೆಯ ನುಡಿ

ವೈದ್ಯಕೀಯ ಪರಿಭಾಷೆಯನ್ನು ಕನ್ನಡಕ್ಕೆ ತರುವವರು ನಿಘಂಟನ್ನು ನೆಚ್ಚಿದಷ್ಟು ಕಸುಬಿನ ನುಡಿಯನ್ನು ನೆಚ್ಚಿದಂತಿಲ್ಲ. ಲೇಸರ್ ಕಿರಣದಿಂದ ಅಂಗಾಂಶ ಕೂಡಿಸುವುದನ್ನು ಇಂಗ್ಲಿಷಿನ ಜಾಡಿನಲ್ಲಿ 'ಬೆಸುಗೆ' ಎಂದುಬಿಡುವುದು ಸುಲಭ. ಆದರೆ ಬೆಸುಗೆ ಕುಲುಮೆಯ ಮಾತು. ಲೋಹ ಕರಗಿ ಒಂದಾಗುವ ಚಿತ್ರ ಅದರಲ್ಲಿದೆ. ಕರುಳು ಹಾಗೆ ಕರಗದು. ಶಾಖ ಮೀರಿದರೆ ಸುಟ್ಟು ಸಾಯುತ್ತದೆ.

ಜೈನ್ ಮತ್ತು ಗೋರಿಶ್ 1979ರಲ್ಲಿ ನಿಯೋಡೈಮಿಯಂ-ಯಾಗ್ ಲೇಸರಿನಿಂದ ಸಣ್ಣ ರಕ್ತನಾಳಗಳನ್ನು ದುರಸ್ತಿ ಮಾಡಿದ ವರದಿ ಪ್ರಕಟಿಸಿದರು. ಕರುಳಿನ ಮೇಲಿನ ಪ್ರಯೋಗಗಳೂ ನಡೆದವು. 2013ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಚಿನ್ನದ ನ್ಯಾನೊಕಡ್ಡಿ ಬೆರೆತ ಪಾಲಿಪೆಪ್ಟೈಡ್ ಲೇಪವನ್ನು ಲೇಸರಿನಿಂದ ಕಾಯಿಸಿ ಹಂದಿಯ ಕರುಳಿನ ಸೀಳನ್ನು ಮುಚ್ಚಿದ್ದನ್ನು ವರದಿ ಮಾಡಿದರು. ಕೂಡಿಸಿದ ಸಂದಿನಿಂದ ಕರುಳಿನ ಕಲ್ಮಷ ಹೊಟ್ಟೆಯೊಳಕ್ಕೆ ಸೋರುವುದೇ ಈ ಶಸ್ತ್ರಚಿಕಿತ್ಸೆಯ ದೊಡ್ಡ ಭಯ. ಆದರೂ ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುವುದು ಹೊಲಿಗೆ, ಸ್ಟೇಪ್ಲರ್‌ಗಳೇ.

ಇದರ ಒಳಮರ್ಮ ಕೊಲಾಜೆನ್‌ನಲ್ಲಿದೆ. ಅದರ ಅಣು ಮೂರೆಳೆಯ ಹುರಿ. ಹದವಾದ ಶಾಖಕ್ಕೆ ಹುರಿ ಬಿಚ್ಚಿ, ತಣಿಯುವಾಗ ಎರಡು ಅಂಚಿನ ಎಳೆಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ ಎಂಬುದು ಸಾಮಾನ್ಯವಾಗಿ ಮುಂದಿಡುವ ವಿವರಣೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಾರಿನ ಕಸುಬು ಬಲ್ಲವರಿಗೆ ಇದು ಹೊಸತಲ್ಲ. ಮಟ್ಟೆ ನೆನೆಹಾಕಿ, ಬಡಿದು, ಕೈಯಲ್ಲಿ ಹುರಿ ಮಾಡುವಾಗ ಎಳೆ ಮುಗಿದಲ್ಲಿ ಗಂಟು ಬೀಳುವುದಿಲ್ಲ. ಹಳೆಯ ತುದಿಯನ್ನು ಸ್ವಲ್ಪ ಬಿಚ್ಚಿದಂತೆ ಮಾಡಿ ಹೊಸ ನಾರನ್ನು ಅದರೊಳಗಿಟ್ಟು ಹೊಸೆಯುತ್ತಾರೆ. ಗಂಟು ಬೇರೆ, ಹೊಲಿಗೆ ಬೇರೆ, ಹೊಸೆತ ಬೇರೆ.

ಈ ವಿವೇಚನೆಯಿಲ್ಲದೆ 'ಎಲ್ಲವೂ ನಮ್ಮಲ್ಲಿತ್ತು' ಎನ್ನುವ ಉತ್ಸಾಹ ಜಾನಪದ ವೈದ್ಯದ ಬರಹಗಳಿಗೆ ಅಂಟಿದ ಜಾಡ್ಯ. ಸುಶ್ರುತಸಂಹಿತೆಯಲ್ಲಿ ಕರುಳಿನ ಗಾಯಕ್ಕೆ ಕಪ್ಪಿರುವೆಗಳನ್ನು ಕಚ್ಚಿಸಿ, ಮೈ ಕತ್ತರಿಸಿ, ತಲೆಗಳನ್ನಷ್ಟೇ ಉಳಿಸುವ ಕ್ರಮವಿದೆ. ಅದ್ಭುತವೇ ಸರಿ. ಆದರೆ ಅಲ್ಲಿ ಇರುವೆ ಹಿಡಿದಿಡುತ್ತದೆ, ಅಷ್ಟೇ. ಅದು ಸ್ಟೇಪ್ಲರಿನ ಪೂರ್ವಜ, ಲೇಸರಿನದಲ್ಲ.

ಪದದ ಆಯ್ಕೆ ಪಂಡಿತರ ಚರ್ಚೆ ಮಾತ್ರವಲ್ಲ. ಕನ್ನಡದಲ್ಲಿ ಕರುಳು ಅಂಗವೂ ಹೌದು, ಮಮತೆಯೂ ಹೌದು. ಮಗು 'ಕರುಳ ಕುಡಿ'. ಮುಂದೆಂದಾದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದ ತಾಯಿಗೆ 'ಮಗನ ಕರುಳಿಗೆ ಬೆಸುಗೆ' ಎಂದರೆ ಅವಳು ಕಾಣುವುದು ಬೆಂಕಿಯನ್ನೇ. 'ಹೊಸೆತ' ಎಂದರೆ ಕೂಡುವ ಬಗೆ ತಿಳಿದೀತು. ಆದರೆ ಆ ಪದದಲ್ಲಿ ಶಾಖವೇ ಇಲ್ಲ. ಸುಡುವ ಅಪಾಯ ಮರೆಯಾಗುತ್ತದೆ. 'ಕಾವಿನ ಹೊಸೆತ' ಎಂದರೆ, ಕಾವು ಹೆಚ್ಚಾದರೆ ಏನಾಗುತ್ತದೆ ಎಂದು ಅವಳೇ ವೈದ್ಯರನ್ನು ಕೇಳಬಲ್ಲಳು.