ಮುರುಗಲಿನ ಬಳಗ

ಮುರುಗಲು, ಉಪ್ಪಾಗೆ, ಜಾರಿಗೆ, ಅರದಾಳ: ಪಶ್ಚಿಮ ಘಟ್ಟದ ಈ ನಾಲ್ಕೂ ಮರಗಳು ಗಾರ್ಸೀನಿಯ ಕುಲದವು, ಕ್ಲೂಸಿಯೇಸಿ ಕುಟುಂಬದವು. ಹೂವು ಹಣ್ಣು ಇಲ್ಲದ ಕಾಲದಲ್ಲೂ ಗುರುತಿಗೆ ಸಿಗುವ ಕುಟುಂಬ ಇದು. ಎಳೆ ರೆಂಬೆ ಮುರಿದರೆ, ತೊಗಟೆಗೆ ಕತ್ತಿ ತಾಗಿಸಿದರೆ ಅಂಟು ಹಾಲು ಜಿನುಗುತ್ತದೆ. ಗಾರ್ಸೀನಿಯಗಳಲ್ಲಿ ಅದು ಸಾಮಾನ್ಯವಾಗಿ ಹಳದಿ, ಕೆಲವು ಕುಲಗಳಲ್ಲಿ ಬಿಳಿ ಅಥವಾ ಕೆನೆ ಬಣ್ಣ. ಹಾಲೊಂದನ್ನೇ ನಂಬುವಂತಿಲ್ಲ, ಹಲಸಿಗೂ ಹಾಲುಂಟು. ಆದರೆ ಹಲಸಿನ ಎಲೆ ಒಂದಾದ ಮೇಲೊಂದು ಬಂದರೆ ಇಲ್ಲಿ ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತದೆ. ದಪ್ಪ, ನುಣುಪು, ಅಂಚಿನಲ್ಲಿ ಹಲ್ಲಿಲ್ಲ, ತೊಟ್ಟಿನ ಬುಡದಲ್ಲಿ ವೃಂತಪತ್ರಗಳಿಲ್ಲ. ರೆಂಬೆಯ ತುದಿಮೊಗ್ಗು ಕೊನೆಯ ಜೋಡಿ ಎಲೆಗಳ ತೊಟ್ಟುಗಳ ನಡುವೆ ಅಡಗಿರುತ್ತದೆ.

ಈ ಹಾಲಿನ ಚರಿತ್ರೆಯೂ ಚಿಕ್ಕದಲ್ಲ. ಅರದಾಳದ ಹತ್ತಿರದ ನೆಂಟ, ಕಾಂಬೋಡಿಯಾ ಕಡೆಯ ಗಾರ್ಸೀನಿಯ ಹ್ಯಾನ್‌ಬ್ಯುರಿ ಸುರಿಸುವ ರಾಳವೇ ಚಿತ್ರಕಾರರ ಹಳದಿ ಬಣ್ಣ ಗ್ಯಾಂಬೋಜ್. ಫ್ರಾನ್ಸಿನ ಜ್ಯಾಂ ಪೆರಿನ್ 1908ರಲ್ಲಿ ಅದರ ಕಣಗಳನ್ನು ನೀರಿನಲ್ಲಿ ಬೆರೆಸಿ, ಸೂಕ್ಷ್ಮದರ್ಶಕದಡಿ ಅವುಗಳ ಓಡಾಟ ಅಳೆದು ಅಣುಗಳಿರುವುದು ನಿಜವೆಂದು ತೋರಿಸಿದರು. 1926ರಲ್ಲಿ ಅವರಿಗೆ ನೊಬೆಲ್ ಬಂತು.

ಹೂವು ನೋಟಕ್ಕೆ ಸಾಧಾರಣ. ಎಸಳು ನಾಲ್ಕು ಅಥವಾ ಐದು, ಕೇಸರಗಳು ಹಲವು, ಅವೂ ಹೆಚ್ಚಾಗಿ ಗೊಂಚಲುಗೊಂಚಲಾಗಿ ಕೂಡಿಕೊಂಡಿರುತ್ತವೆ. ಗಾರ್ಸೀನಿಯಗಳಲ್ಲಿ ಗಂಡು ಹೆಣ್ಣು ಬಹುತೇಕ ಬೇರೆ ಬೇರೆ ಮರಗಳು. ಬೆಳೆಗಾರನಿಗೆ ತಲೆನೋವು ಶುರುವಾಗುವುದು ಇಲ್ಲೇ. ಬೀಜದಿಂದ ಎಬ್ಬಿಸಿದ ಮುರುಗಲು ಗಂಡೋ ಹೆಣ್ಣೋ ಎಂಬುದು ವರ್ಷಗಟ್ಟಲೆ ಕಾದು ಹೂ ಬಿಟ್ಟಾಗಲೇ ತಿಳಿಯುತ್ತದೆ. ಕಸಿ ಕಟ್ಟುವುದೊಂದೇ ದಾರಿ, ಅದರಲ್ಲೂ ನೆಟ್ಟಗೆ ಬೆಳೆದ ಚಿಗುರಿನಿಂದಲೇ ಕಡ್ಡಿ ತೆಗೆಯಬೇಕು. ಅಡ್ಡರೆಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ಪೊದೆಯಂತೆ ಹರಡಿಕೊಳ್ಳುತ್ತದೆ.

ಇದೇ ಕುಲದ ಮ್ಯಾಂಗೋಸ್ಟೀನ್ ಈ ಗೊಡವೆಯನ್ನೇ ಬಿಟ್ಟ ಮರ. ಪರಾಗಸ್ಪರ್ಶವಿಲ್ಲದೆಯೇ ಅದರಲ್ಲಿ ಬೀಜ ಕಟ್ಟುತ್ತದೆ, ಹಾಗಾಗಿ ಸಸಿ ತಾಯಿಮರದ್ದೇ ಪ್ರತಿ. ಹೂವಿನ ಶಲಾಕಾಗ್ರ ಹಣ್ಣಾದ ಮೇಲೂ ಉದುರದೆ ತುದಿಯಲ್ಲಿ ಸಣ್ಣ ಹೂವಿನ ಮುದ್ರೆಯಾಗಿ ಉಳಿಯುತ್ತದೆ. ಅದರ ದಳಗಳನ್ನು ಎಣಿಸಿದರೆ ಒಳಗಿನ ತೊಳೆಗಳೆಷ್ಟೆಂದು ಸಿಪ್ಪೆ ಒಡೆಯದೆಯೇ ಹೇಳಬಹುದು.

ಬೀಜವೂ ವಿಚಿತ್ರ. ಗಾರ್ಸೀನಿಯದಲ್ಲಿ ಬೇಳೆಗಳು ಇಲ್ಲವೆನ್ನುವಷ್ಟು ಸಣ್ಣವು. ಬೀಜ ತುಂಬಿರುವುದು ಊದಿಕೊಂಡ ಭ್ರೂಣಕಾಂಡ. ಮೊಳೆಯುವಾಗ ಒಂದು ತುದಿಯಿಂದ ಬೇರು, ಇನ್ನೊಂದು ತುದಿಯಿಂದ ಚಿಗುರು. ಒಣಗಿಸಿಟ್ಟರೆ ಕೆಡುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಮುರುಗಲು ಬೀಜದ ಕೊಬ್ಬು ಮಾತ್ರ ಗಟ್ಟಿಯಾಗಿ ಬಹುಕಾಲ ಉಳಿಯುತ್ತದೆ. ಹಿಮ್ಮಡಿ ಒಡೆದವರಿಗೆ ಅದೇ ಮದ್ದು.

ಉಪ್ಪಾಗೆಯ ಹುಳಿಸಿಪ್ಪೆ ಕರಾವಳಿ, ಮಲೆನಾಡಿನ ಅಡುಗೆಮನೆಗೆ ಹಳೆಯದು. ಅದರಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ 1990ರ ದಶಕದಲ್ಲಿ ಹೊರದೇಶಗಳಲ್ಲಿ ಹಬ್ಬಿ ಸಿಪ್ಪೆಗೆ ಬೇಡಿಕೆ ಏರಿತು. 1998ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಮೀನುಸಾರಿಗೆ ಹುಳಿಯಾಗಿಯೇ ಅದು ಚೆನ್ನ.

ಕುಟುಂಬಕ್ಕೆ ಹೆಸರು ಕೊಟ್ಟ ಕ್ಲೂಸಿಯ ಅಮೆರಿಕದ ಉಷ್ಣವಲಯದ್ದು. ಅದರ ಹಲವು ಪ್ರಭೇದಗಳು ಬೇರೆ ಮರದ ಮೇಲೆ ಮೊಳೆತು ಬೇರನ್ನು ಕೆಳಗಿಳಿಸುತ್ತವೆ. ಕೆಲವದರ ಹೂವು ಮಕರಂದದ ಬದಲು ರಾಳ ಕೊಡುತ್ತದೆ. ಕೆಲವು ಜಾತಿಯ ಜೇನುನೊಣಗಳು ಅದರಿಂದ ಗೂಡು ಮೆತ್ತಿಕೊಳ್ಳುತ್ತವೆ.

ಸುರಹೊನ್ನೆ, ನಾಗಸಂಪಿಗೆ, ಸುರಗಿಗಳನ್ನೂ ಮೊದಲು ಇದೇ ಕುಟುಂಬದಲ್ಲಿ ಎಣಿಸುತ್ತಿದ್ದರು. 2009ರ ವರ್ಗೀಕರಣದಲ್ಲಿ ಅವು ಕ್ಯಾಲೊಫಿಲೇಸಿ ಎಂಬ ಬೇರೆ ಮನೆ ಹೂಡಿದವು. ಹಳೆಯ ಸಸ್ಯಶಾಸ್ತ್ರ ಗ್ರಂಥಗಳಲ್ಲಿ ಈ ಎಲ್ಲವನ್ನೂ ಗಟ್ಟಿಫೆರೆ ಎಂಬ ಒಂದೇ ಹೆಸರಿನಡಿ ಹುಡುಕಬೇಕು.